ಅಪ್ಪನ ಪಂಚೆ ಕುಡಿದ ವೈನು

ನಮ್ಮ ಮನೆಯ ಬೀರುವಿನ ಮೇಲಿನ ಅರೆಯಲ್ಲಿ, ರೇಷ್ಮೆ ಸೀರೆಗಳ ಪಕ್ಕದಲ್ಲಿ, ಅವುಗಳಿಗಿಂತ ಹೆಚ್ಚಿನ ಮರ್ಯಾದೆಯಿಂದ ಮಡಿಸಿಟ್ಟ ಒಂದು ಹಳೆಯ ಪಂಚೆಯಿದೆ. ಅದನ್ನು ಬಿಳಿ ಪಂಚೆ ಎಂದು ಕರೆಯಲು ಈಗ ನಾಲಿಗೆ ಹೊರಳುವುದಿಲ್ಲ. ಎರಡು ತುದಿಗಳು ಮಾತ್ರ ತಮ್ಮ ಪೂರ್ವಾಶ್ರಮದ ಬಿಳುಪನ್ನು ಉಳಿಸಿಕೊಂಡಿವೆ, ನಡುವೆಲ್ಲ ನೇರಳೆಹಣ್ಣು ತಿಂದ ಮಕ್ಕಳ ನಾಲಿಗೆಯ ಬಣ್ಣ. ಗೌರಿ ಹಬ್ಬಕ್ಕೆ ಬಂದ ಕನ್ನಡದ ಗೆಳತಿಯರು ಸೀರೆ ನೋಡುವ ನೆಪದಲ್ಲಿ ಬೀರು ತೆರೆದು ಇದನ್ನು ಕಂಡು, "ಇದನ್ಯಾಕ್ರೀ ಇಟ್ಕೊಂಡಿದೀರ, ನೆಲ ಒರೆಸೋಕೂ ನಾಲಾಯಕ್ಕು" ಎನ್ನುತ್ತಾರೆ. ನಾನು ಒಳಗೊಳಗೇ ಉಬ್ಬಿ, ಪಂಚೆಯನ್ನು ಅವರ ಮೂಗಿನ ಬಳಿ ಹಿಡಿದು ಮೂಸಿ ನೋಡಿ ಎನ್ನುತ್ತೇನೆ. ಏನೂ ಬರುತ್ತಿಲ್ಲವೆಂದು ಅವರು ಮೂಗು ಮುರಿಯುತ್ತಾರೆ. ನನಗೆ ಮಾತ್ರ ಇವತ್ತಿಗೂ ಬರುತ್ತದೆ.

ಕಲೆ ವೈನಿನದು, ಪಂಚೆ ಅಪ್ಪನದು. ಈ ಎರಡು ಮಾತನ್ನು ಒಟ್ಟಿಗೆ ಹೇಳಿದರೆ ಊರಿನಲ್ಲಿ ಅಪ್ಪನ ಬಗ್ಗೆ ಇಲ್ಲದ ಸುದ್ದಿ ಹುಟ್ಟೀತು, ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ಚಿಕ್ಕಬಳ್ಳಾಪುರದ ಕಡೆಯ ದ್ರಾಕ್ಷಿ ಬೆಳೆಗಾರರಾದ ನನ್ನ ಅಪ್ಪ ಜನ್ಮದಲ್ಲಿ ಒಂದು ತೊಟ್ಟು ಕುಡಿದವರಲ್ಲ. ಸಾರಿನ ಹನಿ ಸಿಡಿದರೂ ಎದ್ದುಹೋಗಿ ಪಂಚೆ ಬದಲಿಸಿ ಬಂದು ಊಟ ಮುಂದುವರಿಸುವ ಮನುಷ್ಯ. ಅಪ್ಪ ಕುಡಿಯಲಿಲ್ಲ, ಅಪ್ಪನ ಪಂಚೆ ಕುಡಿಯಿತು. ಹೇಗೆಂದು ಹೇಳುತ್ತೇನೆ, ಸ್ವಲ್ಪ ಆರಾಮಾಗಿ ಕೂತುಕೊಳ್ಳಿ. ಈ ಸಂಗತಿಯನ್ನು ಅವಸರದಲ್ಲಿ ಹೇಳಿದರೆ ನನಗೆ ಆ ದಿನದ ಅನ್ನ ಅರಗುವುದಿಲ್ಲ.

ಎರಡು ಸಾವಿರದ ದಶಕದ ನಡುವಿನಲ್ಲಿ, ನನ್ನ ಗಂಡ ರಘುವಿನ ಐಟಿ ಕೆಲಸದ ಬೆನ್ನು ಹತ್ತಿ ನಾವು ಸ್ವೀಡನ್ನಿನ ನಾರ್‌ಶೋಪಿಂಗಿಗೆ ಬಂದು ನೆಲೆಸಿದ್ದೆವು. ಮಗಳು ಅನು ಆಗಿನ್ನೂ ದಾಗಿಸ್‌ಗೆ, ಅಂದರೆ ಇಲ್ಲಿನ ಶಿಶುವಿಹಾರಕ್ಕೆ ಹೋಗುತ್ತಿದ್ದಳು; ನಾನು ಕನ್ನಡದಲ್ಲಿ ಬೈದರೆ ಸ್ವೀಡಿಷಿನಲ್ಲಿ ಉತ್ತರ ಕೊಡುವಷ್ಟು ದೊಡ್ಡವಳಾಗಿದ್ದಳು. ಟ್ರಾಮಿನ ಕಂಬಿ ದಾಟಿದರೆ ಎದುರಿಗೇ ಕೊಲೊನಿ ತೋಟಗಳು. ಮಹಡಿ ಮನೆಯಲ್ಲಿರುವವರಿಗೂ ಮಣ್ಣು ಮುಟ್ಟುವ ಭಾಗ್ಯವಿರಲೆಂದು ಊರವರೇ ಸಂಘ ಕಟ್ಟಿಕೊಂಡು ಹಂಚಿಕೊಂಡ ಅಂಗೈಯಗಲದ ತುಂಡುಗಳು ಅವು. ಬಹಳ ಕಾಲ ಸರದಿಯಲ್ಲಿ ಕಾದು ನಮಗೂ ಒಂದು ತುಂಡು ಸಿಕ್ಕಿತು. ನಾನು ಮೆಂತ್ಯ ಬಿತ್ತಿದೆ, ಕೊತ್ತಂಬರಿ ಬಿತ್ತಿದೆ, ಎರಡೂ ನನ್ನ ಮುಖ ನೋಡಿ ನಕ್ಕು ಹೂ ಬಿಟ್ಟು ಸತ್ತವು.

ಆದರೆ ಆ ತೋಟಗಳ ನಡುವೆ, ಸಂಘದ ಇಟ್ಟಿಗೆಯ ಉಗ್ರಾಣದ ದಕ್ಷಿಣದ ಗೋಡೆಗೆ ಅಂಟಿಕೊಂಡಂತೆ, ಒಂದು ದ್ರಾಕ್ಷಿ ಬಳ್ಳಿಯಿತ್ತು. ಮೊದಲ ದಿನ ಅದನ್ನು ಕಂಡಾಗ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಪರದೇಶದ ಸಂತೆಯಲ್ಲಿ ಸೋದರತ್ತೆಯೇ ಎದುರಾದ ಹಾಗಾಯಿತು. ಅದರ ಎಲೆ ಹಿಡಿದೆ, ಕುಡಿ ಹಿಡಿದೆ, ಕುಡಿಬಳ್ಳಿಯ ಸುರುಳಿಯನ್ನು ಕಿರುಬೆರಳಿಗೆ ಸುತ್ತಿಕೊಂಡು ಉಂಗುರದ ಹಾಗೆ ನೋಡಿದೆ. ಹಿಂದೆ ಯಾರೋ ಕೆಮ್ಮಿದರು. ತಿರುಗಿದರೆ ಉದ್ದನೆಯ ಮುದುಕರೊಬ್ಬರು ನಿಂತಿದ್ದರು. ಅವರೇ ಬೆಂಗ್ಟ್, ಪಕ್ಕದ ತುಂಡಿನವರು, ನಿವೃತ್ತ ಟ್ರಾಮ್ ಚಾಲಕರು, ಮಾತನ್ನು ನಿಲ್ದಾಣ ಬಂದಾಗ ಮಾತ್ರ ಆಡಬೇಕೆಂಬ ನಿಯಮವನ್ನು ನಿವೃತ್ತಿಯ ಮೇಲೂ ಪಾಲಿಸುತ್ತಿದ್ದವರು. ಬಳ್ಳಿ ಅವರು ನೆಟ್ಟದ್ದು. ತಳಿಯ ಹೆಸರು ರೊಂಡೊ. ಚಳಿಗೆ ಹೆದರದ, ಬೇಗ ಹಣ್ಣಾಗುವ, ಉತ್ತರದವರಿಗೆಂದೇ ತಳಿ ಬೆರೆಸಿ ಪಡೆದ ಕೆಂಪು ದ್ರಾಕ್ಷಿ.

ಆ ಬಳ್ಳಿಯ ತಲೆಯ ಮೇಲೆ ಕತ್ತಿ ತೂಗುತ್ತಿತ್ತು. ಉಗ್ರಾಣ ಸಾಲದೆಂದು, ಆ ಗೋಡೆಗೇ ಆನಿಸಿ ಸಾಮಾನಿಡುವ ಹೊಸ ಕೊಟ್ಟಿಗೆ ಕಟ್ಟಬೇಕೆಂದು ಸಂಘದ ಹಲವರ ಒತ್ತಾಯ. ಅವರ ಮುಂದಾಳು ಗುನ್‌ಬ್ರಿಟ್ ಎಂಬ ಹಿರಿಯಾಕೆ. ನಿವೃತ್ತ ನರ್ಸು, ಅವರ ಕ್ಯಾರೆಟ್ಟಿನ ಸಾಲುಗಳೂ ಸೂಜಿ ಚುಚ್ಚಿಸಿಕೊಳ್ಳಲು ನಿಂತ ರೋಗಿಗಳ ಹಾಗೆ ನೇರವಾಗಿ ನಿಂತಿರುತ್ತಿದ್ದವು. ನಾರ್‌ಶೋಪಿಂಗಿನಲ್ಲಿ ಕೆಂಪು ವೈನು ಮಾಡುತ್ತೇನೆನ್ನುವುದು ಹುಚ್ಚು, ಇಷ್ಟು ವರ್ಷ ಹಕ್ಕಿಗಳು ತಿಂದದ್ದೇ ಬಂತು ಎಂಬುದು ಅವರ ವಾದ. ಆ ವಸಂತದ ಸಭೆಯಲ್ಲಿ ಬೆಂಗ್ಟ್ ಎದ್ದು, ತಮ್ಮ ಮಟ್ಟಿಗೆ ದೀರ್ಘವೆನ್ನಬಹುದಾದ ಭಾಷಣ ಮಾಡಿದರು: ಒಂದು ಬೆಳೆ ಕೊಡಿ, ಮುಂದಿನ ವಸಂತದ ಸಭೆಯಲ್ಲಿ ವೈನು ಕುಡಿದು ಕೈಯೆತ್ತಿ, ಬೇಡವೆಂದರೆ ಬೇರು ನಾನೇ ಅಗೆಯುತ್ತೇನೆ. ಸಭೆ ಒಪ್ಪಿತು. ಇಲ್ಲಿನವರು ತೀರ್ಮಾನವನ್ನು ಮುಂದೂಡುವ ಅವಕಾಶ ಸಿಕ್ಕರೆ ಕಾಫಿಯಷ್ಟೇ ಸಂತೋಷದಿಂದ ಸ್ವೀಕರಿಸುತ್ತಾರೆ.

ಜುಲೈನಲ್ಲಿ ಅಪ್ಪ ಬಂದರು. ಮೂರು ತಿಂಗಳ ವೀಸಾ, ಒಂದು ಸೂಟ್‌ಕೇಸು, ಅದರ ಅರ್ಧದಷ್ಟು ಹುರಿಗಾಳು, ಉಳಿದರ್ಧ ಗಂಜಿ ಹಾಕಿ ಇಸ್ತ್ರಿ ಮಾಡಿದ ಪಂಚೆಗಳು. ಇಲ್ಲಿನ ಬೇಸಿಗೆಯ ಸೂರ್ಯ ಅವರನ್ನು ಕಂಗೆಡಿಸಿಬಿಟ್ಟ. ರಾತ್ರಿಯ ಊಟಕ್ಕೆ ಕರೆದರೆ ಕಿಟಕಿಯತ್ತ ಕೈ ತೋರಿಸಿ, "ಇನ್ನೂ ದೀಪ ಹಚ್ಚೋ ಹೊತ್ತೇ ಆಗಿಲ್ಲ, ಊಟ ಎಂಗಮ್ಮ ಮಾಡೋದು" ಎಂದು ಕೂತುಬಿಡುತ್ತಿದ್ದರು. ಆದರೆ ಕೊಲೊನಿಗೆ ಕರೆದೊಯ್ದು ಬಳ್ಳಿಯ ಮುಂದೆ ನಿಲ್ಲಿಸಿದೆನೋ ಇಲ್ಲವೋ, ಮನುಷ್ಯ ಊರಿಗೇ ವಾಪಸ್ಸು ಹೋದ ಹಾಗೆ ಚೇತರಿಸಿಕೊಂಡರು. ಬೆಂಗ್ಟ್ ಕೈ ನೀಡಿದರು. ಅಪ್ಪ ನಮಸ್ಕಾರ ಮಾಡಲು ಹೋಗಿ, ನಿಲ್ಲಿಸಿ, ಆ ಕೈಯನ್ನು ಹಿಡಿದು ತಿರುಗಿಸಿ ಅಂಗೈ ನೋಡಿದರು. ಕತ್ತರಿ ಹಿಡಿದು ಹಿಡಿದು ಬಂದ ಗಂಟು ಅಲ್ಲಿತ್ತು. ಅಂಥದೇ ಗಂಟು ಅಪ್ಪನ ಅಂಗೈಯಲ್ಲೂ ಇತ್ತು. ಅಲ್ಲಿಂದ ಮುಂದೆ ಅವರಿಬ್ಬರ ನಡುವೆ ದುಭಾಷಿಯಾಗಿ ನನಗೆ ಹೆಚ್ಚು ಕೆಲಸವಿರಲಿಲ್ಲ. ದಿನಾ ಮಧ್ಯಾಹ್ನ ಒಂದು ಬೆಂಚು, ಎರಡು ಲೋಟ ಕಾಫಿ, ಒಂದು ದಾಲ್ಚಿನ್ನಿ ಬನ್ನು. ಬನ್ನಿಗೆ ಮೊಟ್ಟೆ ಹಾಕಿದ್ದಾರೋ ಇಲ್ಲವೋ ಎಂಬ ಒಂದು ಪ್ರಶ್ನೆಯನ್ನು ಮಾತ್ರ ನಾನು ಅನುವಾದಿಸಬೇಕಾಗುತ್ತಿತ್ತು.

ಆಗಸ್ಟ್ ಹೊತ್ತಿಗೆ ಬೆಂಗ್ಟ್, ದೂರದ ಉತ್ತರದ ಲುಲೆಯೊದಲ್ಲಿದ್ದ ಮಗಳ ಮನೆಗೆ ಕೆಲವು ವಾರಗಳ ಮಟ್ಟಿಗೆ ಹೊರಟರು. ಬಳ್ಳಿಗೆ ನೀರು ನೋಡಿಕೊಳ್ಳಿ ಎಂದಷ್ಟೇ ಹೇಳಿದರು. ಹೊರಡುವ ಹಿಂದಿನ ದಿನ ಗೊಂಚಲುಗಳ ಸುತ್ತಲಿನ ಎಲೆಗಳನ್ನು ನಮಗೆ ಹೇಳದೆ ಒಂದೊಂದಾಗಿ ಕಿತ್ತು ಹೋಗಿದ್ದರು. ಮರುದಿನ ಅಪ್ಪ ಹೋಗಿ ನೋಡುತ್ತಾರೆ, ಹಸಿರು ಗೊಂಚಲುಗಳು ಸುಡು ಬಿಸಿಲಿಗೆ ಬೆತ್ತಲೆ ನಿಂತಿವೆ. ನಮ್ಮ ಕಡೆ ದ್ರಾಕ್ಷಿಯೆಂದರೆ ಚಪ್ಪರ. ತಲೆಯ ಮೇಲೆ ಎಲೆಯ ಸೂರು, ಸೂರಿನ ಅಡಿಯಲ್ಲಿ ನೆರಳಿಗೆ ಜೋತುಬಿದ್ದ ಗೊಂಚಲು. ಎಲೆ ಉದುರಿ ಹಣ್ಣಿಗೆ ಬಿಸಿಲು ಬಿತ್ತೆಂದರೆ ಸಿಪ್ಪೆ ಬೆಂದು ಕಂದಿಹೋಗುತ್ತದೆ. "ಯಾರೋ ಹಾಳಾದೋರು ಎಲೆ ಕಿತ್ತವ್ರೆ. ಆ ಯಪ್ಪ ಊರಾಗಿಲ್ಲ, ನಾವು ನೋಡ್ಕೊಂಡು ಸುಮ್ನಿರೋಕಾಯ್ತದಾ" ಎಂದು ಮನೆಗೆ ಬಂದು, ಸೂಟ್‌ಕೇಸಿನಿಂದ ಹೊಚ್ಚ ಹೊಸ ಪಂಚೆಯೊಂದನ್ನು ತೆಗೆದು, ಉಗ್ರಾಣದ ಸೂರಿನಿಂದ ಎರಡು ಗೂಟಗಳಿಗೆ ಎಳೆದು, ಮದುವೆಮನೆಯ ಚಪ್ಪರದ ಹಾಗೆ ಬಿಗಿಯಾಗಿ ಕಟ್ಟಿದರು. ಗಾಳಿಗೆ ಅದು ಹಾಯಿಯ ಹಾಗೆ ಉಬ್ಬುತ್ತಿತ್ತು. ದ್ರಾಕ್ಷಿ ತೋಟದಲ್ಲಿ ಹುಟ್ಟಿದ ನನಗೂ ಅದು ಪರಮ ವಿವೇಕವೆಂದೇ ಕಂಡಿತು. ಫೋಟೊ ತೆಗೆದು ಊರಿಗೂ ಕಳಿಸಿದೆ.

ಬೆಂಗ್ಟ್ ತಿಂಗಳ ಕೊನೆಗೆ ಬಂದರು. ಬಳ್ಳಿಯ ಮುಂದೆ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತುಕೊಂಡರು. ಪಂಚೆಯ ಹೊರಗೆ ಉಳಿದಿದ್ದ ಮೂಲೆಯ ಒಂದೆರಡು ಗೊಂಚಲುಗಳು ಆಗಲೇ ಕೆಂಪಿಗೆ ತಿರುಗಿದ್ದವು; ಒಳಗಿನವೆಲ್ಲ ಬಟಾಣಿಯ ಹಾಗೆ ಹಸಿರು, ಬಟಾಣಿಯ ಹಾಗೆ ಗಟ್ಟಿ. ಅವರು ಕೂಗಾಡಲಿಲ್ಲ. ನನ್ನ ಕಡೆ ತಿರುಗಿ, ಮೆಲ್ಲಗೆ, ಇಲ್ಲಿ ಬಿಸಿಲೆನ್ನುವುದು ತಪ್ಪಿಸಿಕೊಳ್ಳುವ ವಸ್ತುವಲ್ಲ, ಹಿಡಿದು ಕೂಡಿಡುವ ವಸ್ತು ಎಂದರು. ಇಟ್ಟಿಗೆಯ ಗೋಡೆ ಹಗಲೆಲ್ಲ ಬಿಸಿಲು ಕುಡಿದು ಸಂಜೆ ಅದನ್ನು ಬಳ್ಳಿಗೆ ಉಣಿಸುತ್ತದೆ; ಎಲೆ ತೆಗೆಯುವುದು ಹಣ್ಣಿನ ಮೈಗೆ ಬಿಸಿಲು ನೇರವಾಗಿ ತಾಗಲೆಂದು; ವೈನಿನ ಕೆಂಪೆಲ್ಲ ಇರುವುದು ಸಿಪ್ಪೆಯಲ್ಲಿ. ಎಲೆ ಕಿತ್ತವರು ಅವರೇ. ನಾನು ಇದನ್ನೆಲ್ಲ ಕನ್ನಡಕ್ಕೆ ತರುತ್ತಿದ್ದಂತೆ ಅಪ್ಪನ ಮುಖ ಸಣ್ಣದಾಗುತ್ತಾ ಹೋಯಿತು. ಗಂಟು ಬಿಚ್ಚಿ, ಪಂಚೆಯನ್ನು ಇಳಿಸಿ, ಅಂಚಿಗೆ ಅಂಚು ಕೂಡಿಸಿ ಮಡಿಸಿದರು. ಬೆಂಗ್ಟ್ ಅವರ ಹೆಗಲ ಮೇಲೆ ಕೈಯಿಟ್ಟರು. ಅದರಿಂದ ಅಪ್ಪನಿಗೆ ಇನ್ನೂ ಕಷ್ಟವಾಯಿತು.

ಆ ಸಂಜೆ ಅವರು ತಟ್ಟೆಯ ಮುಂದೆ ಕೈ ಕಟ್ಟಿಕೊಂಡು ಕೂತರು. "ಬೈದಿದ್ರೆ ಬೇಜಾರಿರ್ಲಿಲ್ಲ ಕಣಮ್ಮ. ದ್ರಾಕ್ಷಿನೇ ಉಸಿರು ಅಂದ್ಕೊಂಡಿರೋನು ನಾನು, ಬಂದ್ ಕಡೆ ಇನ್ನೊಬ್ಬ ರೈತನ ಬೆಳೆ ಕೆಡಿಸ್ಬಿಟ್ಟು ಊರಿಗೋಗೋದಾ? ಬಳ್ಳಿ ಬೇರೆ ಕೀಳ್ತಾರಂತೆ. ನನ್ ಕೈಯಿಂದ ಒಂದ್ ಬಳ್ಳಿ ಸತ್ತೋಯ್ತು ಅಂದ್ರೆ ಎಂಗೆ?" ರಘು, "ಮಾವ, ಅದೊಂದು ಹಾಬಿ ಅಷ್ಟೇ, ಅಷ್ಟೊಂದು ಟೆನ್ಷನ್ ತಗೋಬೇಡಿ" ಎಂದ. ಅಪ್ಪ ಅಳಿಯನನ್ನು ನೋಡಿದ ನೋಟದಲ್ಲಿ, ಮಗಳನ್ನು ಕೊಟ್ಟ ಬಗ್ಗೆ ತಡವಾಗಿ ಹುಟ್ಟಿದ ಅನುಮಾನವಿತ್ತು.

ನನಗೆ ಮಾತ್ರ ಆ ರಾತ್ರಿಯಿಂದ ತಲೆಯಲ್ಲಿ ಒಂದು ಹುಳ ಹೊಕ್ಕಿತು. ಒಂದೇ ಗಿಡ, ಎರಡು ಸೂರ್ಯ. ಅಲ್ಲಿ ಸೂರ್ಯನಿಗೆ ಬೆನ್ನು ಕೊಡುವುದು ಬುದ್ಧಿ, ಇಲ್ಲಿ ಎದೆ ಕೊಡುವುದು ಬುದ್ಧಿ. ಬೆಂಗ್ಟ್ ವಿವರಿಸುತ್ತಾ ಹೋದಂತೆ ನನ್ನ ಉತ್ಸಾಹ ಹೆಚ್ಚುತ್ತಾ ಹೋಯಿತು: ಬಿಸಿ ನಾಡಿನಲ್ಲಿ ಹಣ್ಣಿಗೆ ಸಿಹಿ ಓಡೋಡಿ ಬರುತ್ತದೆ, ಹುಳಿ ಅಷ್ಟೇ ಬೇಗ ಎದ್ದು ಹೋಗುತ್ತದೆ; ತಂಪು ನಾಡಿನಲ್ಲಿ ಸಿಹಿ ತೆವಳಿಕೊಂಡು ಬರುತ್ತದೆ, ಹುಳಿ ಮಾತ್ರ ಮನೆಯ ಹಿರಿಯರ ಹಾಗೆ ಜಗಲಿ ಬಿಟ್ಟು ಕದಲುವುದಿಲ್ಲ. ಆ ನಿಧಾನದಲ್ಲೇ ಹಣ್ಣು ತನ್ನ ಪರಿಮಳವನ್ನು ಕಟ್ಟಿಕೊಳ್ಳುವುದಂತೆ. ಹೀಗಾಗಿ ಚಳಿ ನಾಡಿನ ಕೆಂಪು ವೈನು ದಪ್ಪಗೆ, ಮಂದವಾಗಿ, ಜೋಲಿ ಹೊಡೆಸುವಂತೆ ಇರುವುದಿಲ್ಲ. ತೆಳ್ಳಗೆ, ಚುರುಕಾಗಿ, ಹುಳಿಹಣ್ಣುಗಳ ವಾಸನೆ ಬೀರುತ್ತಾ ಇರುತ್ತದೆ. ಕುಡಿಯದವಳಿಗೆ ಇದೆಲ್ಲ ಯಾಕೆ ಎಂದು ಕೇಳಬೇಡಿ. ಸಂಗೀತ ಹಾಡಲು ಬಾರದವರು ಕಛೇರಿಗೆ ಹೋಗುವುದಿಲ್ಲವೇ?

ಸೆಪ್ಟೆಂಬರಿನಲ್ಲಿ ಅಪ್ಪ ಆಸ್ಪತ್ರೆಯಲ್ಲಿ ರೋಗಿಯ ಪಕ್ಕ ಕೂತವರ ಹಾಗೆ ಬಳ್ಳಿಯ ಪಕ್ಕ ಕೂತರು. ಹೊಸದಾಗಿ ಚಿಗುರಿ ಗೊಂಚಲಿನ ಮೇಲೆ ಬಾಗಿದ ಎಲೆಗಳನ್ನು ತಾವೇ ಕೀಳುತ್ತೇನೆಂದರು. ಒಂದು ಎಲೆಯ ತೊಟ್ಟು ಹಿಡಿದು ಬಹಳ ಹೊತ್ತು ನಿಂತು, "ಕೈ ಬತ್ತಿಲ್ಲ ಕಣಮ್ಮ" ಎಂದರು. ಜೀವಮಾನವಿಡೀ ಕಾಪಾಡಿದ್ದನ್ನು ಕೀಳುವುದು ಸುಲಭವೇ? ಆಮೇಲೆ ಕಣ್ಣು ಬೇರೆ ಕಡೆ ತಿರುಗಿಸಿ ಕಿತ್ತರು. ಒಂದು ಬೆಳಿಗ್ಗೆ ನಾನು ಆಫೀಸಿನ ಮೀಟಿಂಗಿನಲ್ಲಿದ್ದಾಗ ಫೋನು ಬಂತು. ಏನಾಯಿತೋ ಎಂದು ಹೊರಗೆ ಓಡಿಬಂದರೆ ಆ ಕಡೆಯಿಂದ ಅಪ್ಪ, "ಬಣ್ಣ ತಿರುಗ್ತು ಕಣಮ್ಮ. ಒಂದೇ ಒಂದು ಹಣ್ಣು. ಆದ್ರೆ ತಿರುಗ್ತು" ಎಂದರು. ನಾನು ಮೀಟಿಂಗಿಗೆ ಮರಳಿ, ಯಾರೂ ಕೇಳದಿದ್ದರೂ, ನಮ್ಮ ದ್ರಾಕ್ಷಿ ಕೆಂಪಾಯಿತೆಂದು ಘೋಷಿಸಿದೆ. ಸಹೋದ್ಯೋಗಿಗಳು ಗಂಭೀರವಾಗಿ ಅಭಿನಂದಿಸಿದರು.

ಬಣ್ಣ ಒಂದರಿಂದ ಇನ್ನೊಂದಕ್ಕೆ ಹಬ್ಬುತ್ತಿತ್ತು, ಆದರೆ ಚಳಿಯೂ ಹಬ್ಬುತ್ತಿತ್ತು. ತಿಂಗಳ ಕೊನೆಯ ಒಂದು ಸಂಜೆ, ಇನ್ನೂ ಬೆಳಕಿರುವಾಗಲೇ, ಕರೆಗಂಟೆ ಸದ್ದಾಯಿತು. ಬಾಗಿಲು ತೆರೆದರೆ ಬೆಂಗ್ಟ್. ನಾನು ಬೆಚ್ಚಿದೆ, ಯಾಕೆಂದರೆ ಈ ದೇಶದಲ್ಲಿ ಹೇಳದೆ ಕೇಳದೆ ಯಾರೂ ಯಾರ ಮನೆಯ ಗಂಟೆಯನ್ನೂ ಬಾರಿಸುವುದಿಲ್ಲ. ಒಂದು ಲೋಟ ಕಾಫಿಗೂ ವಾರದ ಮೊದಲು ಹೇಳಿಕೊಂಡು ಬರುತ್ತಾರೆ. ಯಾರೋ ಸತ್ತಿರಬೇಕೆಂದೇ ನಾನು ತಿಳಿದೆ. ಅವರು ಓಡಿ ಬಂದಂತೆ ಏದುಸಿರು ಬಿಡುತ್ತಾ ನನ್ನ ಭುಜದ ಮೇಲಿಂದ ಒಳಗೆ ಅಪ್ಪನನ್ನು ನೋಡಿ, "ಇವತ್ತು ಇಬ್ಬನಿ ಹೆಪ್ಪುಗಟ್ಟುತ್ತದಂತೆ. ಎಲೆ ಸತ್ತರೆ ಹಣ್ಣು ಇದ್ದಲ್ಲಿಗೇ ನಿಂತುಹೋಗುತ್ತದೆ. ಅವರ ಆ ಬಟ್ಟೆ ಬೇಕಿತ್ತು" ಎಂದರು.

ನಾನು ಅನುವಾದ ಮುಗಿಸುವ ಮೊದಲೇ ಅಪ್ಪ ಎದ್ದಿದ್ದರು. ಸೂಟ್‌ಕೇಸಿನಲ್ಲಿದ್ದ ಪಂಚೆಗಳೆಲ್ಲ ಹೊರಬಂದವು. ನಾನು ಕಾಟನ್ ಸೀರೆಗಳನ್ನು ಹೊತ್ತುಕೊಂಡೆ, ರಘು ಬಕೆಟ್ಟುಗಳನ್ನು, ಅನು ಯಾಕೆಂದು ಗೊತ್ತಿಲ್ಲದಿದ್ದರೂ ತನ್ನ ಗೊಂಬೆಯ ಹೊದಿಕೆಯನ್ನು. ಬಳ್ಳಿಗೆ ಮೊದಲು ಮುಚ್ಚಿದ್ದು ಅದೇ ಪಂಚೆ. ಅದೇ ಗೂಟ, ಅದೇ ಗಂಟು. ಮುಚ್ಚಿಗೆಯ ಅಡಿಯಲ್ಲಿ ಬಿಸಿನೀರಿನ ಬಕೆಟ್ಟುಗಳನ್ನಿಟ್ಟೆವು. ಸೀರೆ ಸಾಲದೆ ಒಂದು ಮೂಲೆ ಬರಿದಾಗಿ ಉಳಿದಾಗ, ತಮ್ಮ ತುಂಡಿನಿಂದ ಇದನ್ನೆಲ್ಲ ನೋಡುತ್ತಿದ್ದ ಗುನ್‌ಬ್ರಿಟ್ ಎರಡು ಹಳೆಯ ಹಾಸಿಗೆ ಹೊದಿಕೆಗಳನ್ನು ತಂದು ನನ್ನ ಕೈಗೆ ತುರುಕಿದರು. ನಾನು ಬಾಯಿ ಬಿಟ್ಟು ನೋಡುತ್ತಿದ್ದುದನ್ನು ಕಂಡು, "ವೋಟು ಬೇರೆ, ಚಳಿ ಬೇರೆ" ಎಂದು ಹೊರಟುಹೋದರು.

ಮರುದಿನ ಬೆಳಿಗ್ಗೆ ಕೊಲೊನಿಯ ಹುಲ್ಲೆಲ್ಲ ಸುಣ್ಣ ಬಳಿದಂತೆ ಬೆಳ್ಳಗಿತ್ತು. ಡೇಲಿಯಾ ಹೂಗಳು ಕಪ್ಪಾಗಿ ತಲೆ ಜೋತುಹಾಕಿದ್ದವು. ಪಂಚೆ ಸೆಟೆದು ಹಪ್ಪಳದ ಹಾಗೆ ಗಟ್ಟಿಯಾಗಿತ್ತು. ಅಪ್ಪ ಅದರ ಅಂಚು ಎತ್ತಿ ಒಳಗೆ ಕೈ ಹಾಕಿ, ಎಲೆಗಳನ್ನು ಒಂದೊಂದಾಗಿ ಹೆಬ್ಬೆರಳಿನಿಂದ ಸವರಿದರು. "ಉಸಿರಾಡ್ತಾವ್ರೆ" ಎಂದರು, ಎಲೆಗಳು ಮನುಷ್ಯರೆಂಬಂತೆ. ಬೆಂಗ್ಟ್‌ಗೆ ನಾನು ಅದನ್ನು ಹೇಳಬೇಕಾಗಲಿಲ್ಲ. ಅವರು ಆಗಲೇ ಫ್ಲಾಸ್ಕಿನಿಂದ ಕಾಫಿ ಬಗ್ಗಿಸುತ್ತಿದ್ದರು.

ಆ ಒಂದು ರಾತ್ರಿಯನ್ನು ದಾಟಿಸಿದ್ದಕ್ಕೆ, ಸೂರ್ಯ ನಮಗೆ ಇನ್ನಷ್ಟು ದಿನಗಳ ಹೊಂಬಿಸಿಲು ಕೊಟ್ಟ. ಅಕ್ಟೋಬರಿನಲ್ಲಿ ಕೊಯ್ಲು. ಬೆಂಗ್ಟ್ ಪುಟ್ಟ ಕೊಳವೆಯೊಂದರಲ್ಲಿ ರಸದ ಹನಿ ಹಾಕಿ, ಬೆಳಕಿಗೆ ಹಿಡಿದು ಸಿಹಿ ಅಳೆದರು. ಅಪ್ಪ ಹಣ್ಣನ್ನು ಬಾಯಿಗೆ ಹಾಕಿಕೊಂಡು ಒಂದು ಕಣ್ಣು ಮುಚ್ಚಿ, ಬೀಜವನ್ನು ಅಂಗೈಗೆ ಉಗುಳಿಕೊಂಡು ನೋಡಿದರು. ಬೀಜ ಕಂದಾಗಿತ್ತು, ಎಂದರೆ ಹಣ್ಣು ಪಕ್ವ; ಸಿಹಿ ಸ್ವಲ್ಪ ಕಡಿಮೆ, ಹುಳಿ ಧಾರಾಳ. ಇಂಥ ಸೀಮೆಯಲ್ಲಿ ಕೊಂಚ ಸಕ್ಕರೆ ಬೆರೆಸುವುದು ರೂಢಿಯಂತೆ. ಕೊಲೊನಿಯ ಮರದ ಗುಡಿಸಲು ಚಳಿಯಲ್ಲಿ ಕೊರೆಯುತ್ತಿದ್ದುದರಿಂದ, ಹುದುಗು ಬರಲು ಬೆಚ್ಚನೆಯ ಜಾಗ ಬೇಕೆಂದು ಇಡೀ ಬೆಳೆ ನಮ್ಮ ಅಡುಗೆಮನೆಗೇ ಬಂತು. ತೊಟ್ಟು ಬಿಡಿಸಿ ದೊಡ್ಡ ತೊಟ್ಟಿಗೆ ತುಂಬಿದೆವು. ಬೆಂಗ್ಟ್ ಸಾಕ್ಸು ಬಿಚ್ಚಲು ಕೂತರು, ತುಳಿಯಬೇಕಲ್ಲ. ಅಪ್ಪ ಹೌಹಾರಿ ತೊಟ್ಟಿಗೆ ಅಡ್ಡ ನಿಂತರು. "ತಿನ್ನೋ ಪದಾರ್ಥಕ್ಕೆ ಕಾಲಿಕ್ಕೋದಾ? ನಾನಿರೋಗಂಟ ಆಗಾಕಿಲ್ಲ." ನಾನು ಇದನ್ನು ಸ್ವೀಡಿಷಿಗೆ ತಂದಾಗ ಬೆಂಗ್ಟ್ ಒಂದು ಕ್ಷಣ ಯೋಚಿಸಿ, ಸಾಕ್ಸು ಮತ್ತೆ ಏರಿಸಿಕೊಂಡು, ತೋಳು ಮಡಚಿದರು. ಕೈಯಿಂದಲೇ ಹಿಸುಕಿದೆವು. ದ್ರಾಕ್ಷಿಗೆ ಏನೂ ವ್ಯತ್ಯಾಸವಾದಂತೆ ಕಾಣಲಿಲ್ಲ.

ಆಮೇಲಿನ ದಿನಗಳ ಸಡಗರವನ್ನು ಹೇಗೆ ಹೇಳಲಿ! ಯೀಸ್ಟು ಬಿದ್ದ ಮರುದಿನವೇ ತೊಟ್ಟಿ ಮಾತಾಡಲು ಶುರುಮಾಡಿತು. ಮೊದಲು ಪಿಸುಗುಟ್ಟಿತು, ಆಮೇಲೆ ಗುಜುಗುಜು, ಮೂರನೆಯ ದಿನಕ್ಕೆ ಸಂತೆ. ಸಿಪ್ಪೆಗಳೆಲ್ಲ ಮೇಲೆ ತೇಲಿ ದಪ್ಪನೆಯ ಕೆನೆಯ ಹಾಗೆ ಕಟ್ಟಿಕೊಂಡವು. ಅವನ್ನು ಆಗಾಗ ರಸದೊಳಕ್ಕೆ ಅದುಮಬೇಕು, ಇಲ್ಲದಿದ್ದರೆ ಬಣ್ಣ ಇಳಿಯುವುದಿಲ್ಲ, ಮೇಲ್ಪದರ ಹುಳಿತು ಕೆಡುತ್ತದೆ. ಬಿಳಿ ವೈನಾದರೆ ರಸವನ್ನು ಮೊದಲೇ ಹಿಂಡಿ ಸಿಪ್ಪೆಯನ್ನು ಆಚೆಗೆ ಹಾಕುತ್ತಾರೆ; ಕೆಂಪು ವೈನು ಸಿಪ್ಪೆಯ ಜೊತೆಗಿನ ಸಹವಾಸದಿಂದಲೇ ಕೆಂಪು. ಅಪ್ಪ ಸ್ನಾನ ಮುಗಿಸಿ, ದೇವರಿಗೆ ದೀಪ ಹಚ್ಚಿ, ನೇರ ತೊಟ್ಟಿಯ ಬಳಿ ಬಂದು ಬೆಂಗ್ಟ್ ಮಾಡಿಕೊಟ್ಟ ಮರದ ಕೋಲಿನಿಂದ ಅದುಮುತ್ತಿದ್ದರು. "ದೇವ್ರು ಇರೋ ಕಡೆಗೆ ಒಂದ್ ಪರದೆ ಎಳ್ಕೊ" ಎಂಬುದೊಂದೇ ಅವರ ಷರತ್ತು. ನವರಾತ್ರಿಯ ಅರಿಶಿನ ಕುಂಕುಮಕ್ಕೆ ಬಂದವರು ಗಾಳಿ ಮೂಸಿ ಪರಸ್ಪರ ಮುಖ ನೋಡಿಕೊಂಡರು. ಹಿಟ್ಟು ಉಬ್ಬಿದೆ ಎಂದು ರಘು ಸಮಜಾಯಿಷಿ ಕೊಟ್ಟ. ಯಾವ ಹಿಟ್ಟು ಎಂದು ಕೇಳುವಷ್ಟು ಧೈರ್ಯ ಯಾರಿಗೂ ಬರಲಿಲ್ಲ.

ಅಪ್ಪ ಹೊರಡುವ ಹಿಂದಿನ ದಿನ ಹಿಂಡಬೇಕಾಗಿತ್ತು. ತೊಟ್ಟಿ ಶಾಂತವಾಗಿತ್ತು, ಬಣ್ಣ ಇಳಿದಿತ್ತು, ಇನ್ನು ತಡ ಮಾಡಿದರೆ ಸಿಪ್ಪೆಯ ಒಗರು ಹೆಚ್ಚುತ್ತದೆ. ಆದರೆ ಹಿಂಡುವ ಯಂತ್ರವನ್ನು ಎರವಲು ಕೊಡುತ್ತೇನೆಂದಿದ್ದ ಬೆಂಗ್ಟ್‌ರ ಸ್ನೇಹಿತರು, ತಮ್ಮ ಸೇಬಿನ ರಾಶಿ ಮುಗಿಯದೆ ಕೊಡಲಾಗದೆಂದು ಫೋನು ಮಾಡಿದರು. ಬೆಂಗ್ಟ್ ಕುರ್ಚಿಯಲ್ಲಿ ಕುಸಿದು ಕೂತರು. ಅಪ್ಪ ಒಳಗೆ ಹೋಗಿ, ಆ ಪಂಚೆಯನ್ನೇ, ನೆರಳಾಗಿ ಕೆಡಿಸಿದ, ಹೊದಿಕೆಯಾಗಿ ಕಾಪಾಡಿದ ಆ ಪಂಚೆಯನ್ನೇ ತಂದು, ಬಿಸಿನೀರಿನಲ್ಲಿ ಕುದಿಸಿ, ಪಾತ್ರೆಯ ಮೇಲೆ ಹರವಿದರು. ಸಾರಿನ ಹನಿಗೂ ಹೇಸುವ ಮನುಷ್ಯ, ಸಿಪ್ಪೆ ಬೀಜಗಳ ಆ ಕಡುಗೆಂಪು ರಾಡಿಯನ್ನು ತಮ್ಮ ಕೈಯಿಂದಲೇ ಅದರ ನಡುವಿಗೆ ಸುರಿದರು. ಒಂದು ತುದಿಯನ್ನು ಬೆಂಗ್ಟ್ ಕೈಗೆ ಕೊಟ್ಟರು.

ಕೆರೆಯ ಕಟ್ಟೆಯ ಮೇಲೆ ಒದ್ದೆ ಜಮಖಾನ ಹಿಂಡುವ ಇಬ್ಬರನ್ನು ನೀವು ನೋಡಿರುತ್ತೀರಿ. 'ನೀನು ಆ ಕಡೆ, ನಾನು ಈ ಕಡೆ' ಎಂದು ಯಾರೂ ಅವರಿಗೆ ಹೇಳಿಕೊಡುವುದಿಲ್ಲ. ಬೆಂಗ್ಟ್‌ಗೆ ಅದು ಗೊತ್ತಿರಲಿಲ್ಲ. ಅಪ್ಪ ತಿರುಚಿದತ್ತಲೇ ಅವರೂ ತಿರುಚಿದರು, ಪಂಚೆ ಹಗ್ಗದ ಹಾಗೆ ಸುಮ್ಮನೆ ಉರುಳಿತು. ಅನು ಬಿದ್ದು ಬಿದ್ದು ನಕ್ಕಳು. ಅಪ್ಪ ಕಣ್ಣಿನಲ್ಲೇ ಬಲಗಡೆ ತೋರಿಸಿದರು. ಬೆಂಗ್ಟ್ ಬಲಕ್ಕೆ, ಅಪ್ಪ ಎಡಕ್ಕೆ; ಬಟ್ಟೆ ಬಿಗಿಯಿತು, ಮೈಯೆಲ್ಲ ಬೆವರಿಟ್ಟಂತೆ ಕೆಂಪು ಹನಿಗಳು ಮೂಡಿದವು, ಹನಿಗಳು ಕೂಡಿ ಎಳೆಯಾದವು, ಎಳೆ ಧಾರೆಯಾಗಿ ಪಾತ್ರೆಗೆ ಬಿತ್ತು. ಇಬ್ಬರು ಮುದುಕರು, ನಡುವೆ ಒಂದು ಪಂಚೆ, ಒಬ್ಬರ ಬಲ ಇನ್ನೊಬ್ಬರ ಬಲಕ್ಕೆ ಎದುರಾಗಿ ನಿಂತಾಗಲೇ ರಸ ಬರುವುದು ನೋಡಿ. ಇನ್ನೊಂದು ಸುತ್ತಿಗೆ ರಘು ಕೈ ಹಾಕಲು ಬಂದಾಗ ಅಪ್ಪ, "ಸಾಕು, ಹುಣಸೆಹಣ್ಣು ಹಿಂಡ್ದಂಗೆ ಪೂರಾ ಹಿಂಡ್ಬಾರ್ದು, ಬೀಜದ ಒಗರು ಬತ್ತದೆ" ಎಂದರು. ಅದೇ ಹೊತ್ತಿಗೆ ಬೆಂಗ್ಟ್ "ಲಾಗೊಮ್" ಎಂದರು. ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ, ಹದವಾಗಿ ಇದೆ ಎನ್ನಲು ಸ್ವೀಡನ್ನಿನವರು ಆಡುವ ಮಾತು ಅದು. ಅವತ್ತು ನಾನು ಯಾವ ಮಾತನ್ನೂ ಯಾರಿಗೂ ಅನುವಾದಿಸಲಿಲ್ಲ.

ಬೆಂಗ್ಟ್ ಒಂದು ಲೋಟಕ್ಕೆ ಬಗ್ಗಿಸಿ ಮೊದಲು ಅಪ್ಪನಿಗೆ ನೀಡಿದರು. ಅಪ್ಪ ಕೈ ಮುಗಿದು ಬೇಡವೆಂದರು, ಆದರೆ ಲೋಟವನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು ಬಹಳ ಹೊತ್ತು ನೋಡಿದರು. ಊರಿನಲ್ಲಿ ನಮ್ಮ ತೋಟದ ಹಣ್ಣಿನಲ್ಲಿ ಒಂದಷ್ಟು ಪೇಟೆಗೆ ಹೋಗುತ್ತಿತ್ತು, ಒಂದಷ್ಟು ವೈನಿನ ಕಾರ್ಖಾನೆಗೆ; ಲಾರಿ ಹತ್ತಿದ ಮೇಲೆ ಅದು ಏನಾಗುತ್ತದೆಂದು ಅಪ್ಪ ಒಮ್ಮೆಯೂ ಕೇಳಿದವರಲ್ಲ, ಕೇಳುವುದು ಮರ್ಯಾದೆಯೂ ಅಲ್ಲವೆಂದುಕೊಂಡಿದ್ದರು. "ನಮ್ದೂ ಇಂಗೇ ಆಯ್ತಿತ್ತಾ? ಇಷ್ಟು ಚೆಂದಾಗಿ?" ಎಂದು ಕೇಳಿದರು. ಹೌದಪ್ಪ ಎಂದೆ. ಕೊಟ್ಟ ಮನೆಯಲ್ಲಿ ಮಗಳು ಹೇಗಿದ್ದಾಳೋ ಎಂಬ ಚಿಂತೆ ಕಳೆದ ತಂದೆಯ ಹಾಗೆ ತಲೆಯಾಡಿಸಿದರು. ಆದರೂ ವಿಮಾನ ನಿಲ್ದಾಣದಲ್ಲಿ ಅವರ ಕೊನೆಯ ಮಾತು, "ಬಳ್ಳಿ ಉಳೀತದೆ ಅಂತೀಯಾ?" ಎಂಬುದೇ ಆಗಿತ್ತು.

ಚಳಿಗಾಲವಿಡೀ ವೈನು ದೊಡ್ಡ ಗಾಜಿನ ಬುರುಡೆಯಲ್ಲಿ ನಮ್ಮ ಮಲಗುವ ಕೋಣೆಯ ಹೀಟರಿನ ಪಕ್ಕ ನಿಂತಿತ್ತು. ಕ್ರಿಸ್ಮಸ್ ಹೊತ್ತಿಗೆ ಬೆಂಗ್ಟ್ ಒಂದು ಗುಟುಕು ರುಚಿ ನೋಡಿ ಮುಖ ಕಿವುಚಿದರು. ಎಳೆ ಸೇಬು ಕಚ್ಚಿದ ಹಾಗಿದೆಯಂತೆ. ಆದರೆ ಇಲ್ಲೊಂದು ಪವಾಡವಿದೆ, ಕೇಳಿ: ಚಳಿ ನಾಡಿನ ದ್ರಾಕ್ಷಿಯಲ್ಲಿ ಎಳೆ ಸೇಬಿನಲ್ಲಿರುವಂಥದೇ ಚೂಪು ಹುಳಿ ತುಂಬಿರುತ್ತದೆ, ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಬೆಚ್ಚಗಿದ್ದರೆ ನಿಧಾನವಾಗಿ ಅದನ್ನು ತಿಂದು, ಮಜ್ಜಿಗೆಯಲ್ಲಿರುವ ಮೆತ್ತನೆಯ ಹುಳಿಯನ್ನಾಗಿ ಮಾಡುತ್ತವೆ. ಸೇಬು ಮಜ್ಜಿಗೆಯಾಗುವುದು! ಇದನ್ನು ತಿಳಿದ ದಿನ ನಾನು ಬುರುಡೆಗೆ ನನ್ನ ಉಣ್ಣೆಯ ಶಾಲು ಹೊದಿಸಿದೆ. ಅಪ್ಪ ಫೋನಿನಲ್ಲಿ "ಏನಂತೆ" ಎಂದಾಗಲೆಲ್ಲ ಕಾಲಿಂಗ್ ಕಾರ್ಡು ಖಾಲಿಯಾಗುವವರೆಗೆ ಅದರ ಆರೋಗ್ಯವನ್ನು ವರದಿ ಮಾಡಿದೆ. ಫೆಬ್ರವರಿಯ ಕೊನೆಗೆ, ಹೊರಗೆ ಹಿಮ ಇನ್ನೂ ಕರಗದಿರುವಾಗ, ಬುರುಡೆಯ ಕತ್ತಿನಲ್ಲಿ ಸಾಸಿವೆ ಕಾಳಿನಷ್ಟು ಸಣ್ಣ ಗುಳ್ಳೆಗಳು ಸಾಲುಗಟ್ಟಿದವು.

ಏಪ್ರಿಲ್ ಸಭೆಯ ದಿನ ಬೆಂಗ್ಟ್ ಕೋಟು ಹಾಕಿಕೊಂಡು ಬಂದಿದ್ದರು. ಪ್ಲಾಸ್ಟಿಕ್ ಲೋಟಗಳಿಗೆ ತಳ ಮುಚ್ಚುವಷ್ಟು ಬಗ್ಗಿಸಿದರು. ತಿಳಿಯಾದ, ಹೊಳೆಯುವ ಕೆಂಪು. ಎಲ್ಲರೂ ಕುಡಿದರು. ಹಿಂದಿನಿಂದ ಒಬ್ಬರು, "ಹುಳಿಯಾಗಿದೆ" ಎಂದರು. ಮುಗಿಯಿತು ಎಂದುಕೊಂಡೆ. ಅಪ್ಪನಿಗೆ ಏನು ಹೇಳಲಿ ಎಂದು ಮಾತು ಹುಡುಕತೊಡಗಿದೆ.

ಆಗ ಗುನ್‌ಬ್ರಿಟ್ ಲೋಟವನ್ನು ಮೇಜಿನ ಮೇಲಿಟ್ಟರು. "ಹುಳಿಯೇ," ಎಂದರು, "ಲಿಂಗನ್ ಹಣ್ಣಿನ ಹುಳಿ. ನನ್ನ ಅಜ್ಜಿ ಕಾಡಿನಿಂದ ತರುತ್ತಿದ್ದದ್ದು. ಅಂಗಡಿಯ ವೈನಿನಲ್ಲಿ ಇದು ಸಿಗುವುದಿಲ್ಲ." ಹೇಳಿ, ಯಾರ ಮುಖವನ್ನೂ ನೋಡದೆ ಲೋಟವನ್ನು ಬೆಂಗ್ಟ್ ಕಡೆಗೆ ತಳ್ಳಿದರು, ಇನ್ನಷ್ಟಕ್ಕೆ. ಬಳ್ಳಿ ಉಳಿಯಲಿ ಎನ್ನುವವರು ಕೈಯೆತ್ತಿ ಎಂದಾಗ ಮೊದಲು ಎದ್ದ ಕೈ ಅವರದೇ. ಆಮೇಲೆ ನಾನು ಎಣಿಸಲಿಲ್ಲ. ಎಣಿಸಲು ಕಣ್ಣು ಮಂಜಾಗಿತ್ತು. ಕೊಟ್ಟಿಗೆ ಉತ್ತರದ ಗೋಡೆಗೆ ಹೋಯಿತು.

ಅಂಗಳಕ್ಕೆ ಓಡಿಬಂದು, ಬಳ್ಳಿಯ ಮುಂದೆಯೇ ನಿಂತು ಅಪ್ಪನಿಗೆ ಫೋನು ಮಾಡಿದೆ. "ಅಪ್ಪಾ, ಉಳೀತು" ಎಂದೆ. ಅಪ್ಪ, "ಚಿಗುರ್ತಾ?" ಎಂದರು. ಮೊಗ್ಗು ಒಡೀತಿದೆ ಎಂದೆ. "ಅಂಗಾದ್ರೆ ಆ ಬೆಂಗ್ಟಪ್ಪಂಗೆ ಒಂದ್ ಮಾತು ಹೇಳು. ಈ ಸಲ ಯಾರಾದ್ರೂ ದೊಡ್ಡ ಮನುಷ್ಯ ಬಂದು ನೆರಳು ಕಟ್ತೀನಿ ಅಂದ್ರೆ, ಗೂಟ ಕಿತ್ತು ಓಡಿಸು ಅನ್ನು." ಹೇಳಿ ತಾವೇ ನಗಲು ಶುರುಮಾಡಿದರು. ಆಗಸ್ಟಿನಿಂದ ನಾನು ಕೇಳದಿದ್ದ ನಗು ಅದು. ನಾನೂ ನಕ್ಕೆ, ಅಳುವೂ ಬಂತು, ಎರಡನ್ನೂ ಒಟ್ಟಿಗೇ ಮಾಡಿದೆ.

ಪಂಚೆಯನ್ನು ಪಾರ್ಸೆಲ್ ಮಾಡಲೇ ಎಂದು ಕೇಳಿದ್ದಕ್ಕೆ ಮೊದಲಿಗೆ, "ಕಳಿಸು" ಎಂದರು. ಆ ಕಲೆಯ ಪಂಚೆಯನ್ನೇ ಉಟ್ಟುಕೊಂಡು ಊರಿನಲ್ಲಿ ಒಂದು ಸುತ್ತು ಹಾಕಿ, ಕೇಳಿದವರಿಗೆಲ್ಲ ಸ್ವೀಡನ್ನಿನ ಬೆಳೆಯ ಕಥೆ ಹೇಳುವ ಆಸೆ ಅವರಿಗೆ. ಆಮೇಲೆ ತಾವೇ ತಡೆದರು. "ಬ್ಯಾಡ, ಅಲ್ಲೇ ಮಡಗು. ಮಂಜು ಬಿದ್ರೆ ಆ ಯಪ್ಪಂಗೆ ಬೇಕಾಯ್ತದೆ."

ಹಾಗಾಗಿ ಅದು ಇಲ್ಲೇ ಇದೆ. ಪ್ರತಿ ಶರತ್ಕಾಲಕ್ಕೂ ಒಮ್ಮೆ ಬಳ್ಳಿಗೆ ಹೊದಿಕೆಯಾಗಿ, ಒಮ್ಮೆ ರಸ ಹಿಂಡುವ ಬಟ್ಟೆಯಾಗಿ ದುಡಿದು, ಒಂದೊಂದು ಬಣ್ಣದ ಪದರ ಹೆಚ್ಚಿಸಿಕೊಂಡು ಮತ್ತೆ ರೇಷ್ಮೆ ಸೀರೆಗಳ ಪಕ್ಕಕ್ಕೆ ಮರಳುತ್ತದೆ. ಅದನ್ನು ಕಲೆಯಾದ ಪಂಚೆ ಎಂದು ನಾನು ಈಗ ಅಂದುಕೊಳ್ಳುವುದಿಲ್ಲ. ಅಪ್ಪ ಇಲ್ಲಿ ಬೆಳೆದ ಬೆಳೆ ಅದು. ಇದನ್ನು ಬರೆಯುತ್ತಿರುವ ಈ ಸಂಜೆ, ಟಿವಿಯ ಹವಾಮಾನದ ನಕಾಶೆಯಲ್ಲಿ ನಮ್ಮ ಸೀಮೆಯ ಮೇಲೆ ಕೊರೆವ ಚಳಿಯ ನೀಲಿ ಬಣ್ಣ ಹರಡಿದೆ. ಪಂಚೆಯನ್ನು ತೆಗೆದು ಮಡಿಲಲ್ಲಿಟ್ಟುಕೊಂಡಿದ್ದೇನೆ. ಕರೆಗಂಟೆ ಸದ್ದಾಯಿತು. ಬೆಂಗ್ಟ್ ಇರಬೇಕು, ಹೇಳದೆ ಕೇಳದೆ ಬಂದಿದ್ದಾರೆ.